ಪೊಟರೆಯೊಳಗಿನ ವಿಶ್ವಾಸ

ಪಶ್ಚಿಮ ಘಟ್ಟದ ಕಾಡುಗಳಲ್ಲಿ ವಾಸಿಸುವ ದಾಸಮಂಗಟ್ಟೆ ಹಕ್ಕಿಯ ಸಂಸಾರವನ್ನು ಕುರಿತು ನೀವು ಕೇಳಿರಬಹುದು. ಮರಿಮಾಡುವ ಕಾಲ ಬಂದಾಗ ಹೆಣ್ಣುಹಕ್ಕಿಯು ಹೆಮ್ಮರದ ಪೊಟರೆಯನ್ನು ಹೊಕ್ಕು, ತನ್ನ ಹಿಕ್ಕೆಯಿಂದಲೇ ಅದರ ಬಾಯನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಕಿಂಡಿ ಮಾತ್ರ ಉಳಿಯುತ್ತದೆ. ಒಳಗೆ ಕುಳಿತು ತನ್ನ ರೆಕ್ಕೆಯ ಗರಿಗಳನ್ನೂ ಉದುರಿಸಿಕೊಳ್ಳುತ್ತದೆ. ಆ ದಿನಗಳಲ್ಲಿ ತಾಯಿಯ ಜೀವವೂ ಮರಿಯ ಜೀವವೂ ಹೊರಗಿನ ಗಂಡುಹಕ್ಕಿ ತರುವ ಆಹಾರವನ್ನೇ ನಂಬಿರುತ್ತವೆ.

ವಿವಾಹ ಸಿದ್ಧತಾ ಶಿಬಿರಗಳಲ್ಲಿ ದಾಂಪತ್ಯ ನಿಷ್ಠೆಗೆ ನಿದರ್ಶನವಾಗಿ ನಾನು ಇದನ್ನು ಹೇಳುವುದುಂಟು. ಒಮ್ಮೆ ಕಾಫಿ ಸೀಮೆಯ ಹೆಣ್ಣುಮಗಳೊಬ್ಬಳು, "ಫಾದರ್, ಸುತ್ತಮುತ್ತ ಹಣ್ಣಿನ ಮರವೇ ಇಲ್ಲವಾದರೆ ಆ ಗಂಡುಹಕ್ಕಿ ಏನು ಮಾಡೀತು?" ಎಂದು ಕೇಳಿದಳು.

ಹೌದು, ನಿಷ್ಠೆಯೊಂದಿದ್ದರೆ ಸಾಲದು. ಅದು ನೆರವೇರಲು ನೆಲೆಯೂ ಬೇಕು. ರಸ್ತೆ, ಅಣೆಕಟ್ಟು, ತೋಟಗಳಿಗಾಗಿ ಘಟ್ಟದ ಕಾಡು ತುಂಡುತುಂಡಾಗಿದೆ. ಅಂತಹ ತುಣುಕುಗಳಲ್ಲಿ ಪೊಟರೆಯುಳ್ಳ ಹಳೆಯ ಮರಗಳು ವಿರಳ. ಅತ್ತಿ, ಗೋಳಿ, ಬಸರಿ ಮರಗಳೂ ದೂರ ದೂರ. 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ತನ್ನ ಕೆಂಪುಪಟ್ಟಿಯಲ್ಲಿ ದಾಸಮಂಗಟ್ಟೆಯನ್ನು ಅಳಿವಿನ ಅಪಾಯಕ್ಕೀಡಾಗಬಲ್ಲ ಜೀವಿಗಳ ಸಾಲಿಗೆ ಸೇರಿಸಿತು. ನುಂಗಿದ ಹಣ್ಣಿನ ಬೀಜಗಳನ್ನು ದೂರದಲ್ಲಿ ಉದುರಿಸಿ ಕಾಡನ್ನು ಬಿತ್ತುವ ಹಕ್ಕಿಯಿದು. ಇದು ಮರೆಯಾದರೆ ನಾಳಿನ ಕಾಡೂ ಬಡವಾಗುತ್ತದೆ.

ನಮ್ಮ ರಾಜ್ಯ ಸರ್ಕಾರವು 2011ರಲ್ಲಿ ದಾಂಡೇಲಿಯಲ್ಲಿ ಮಂಗಟ್ಟೆಗಳಿಗೆಂದೇ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಿದ್ದು ಶ್ಲಾಘನೀಯ. ಆದರೆ ಹಕ್ಕಿಗೆ ಸರ್ಕಾರದ ಗಡಿ ತಿಳಿಯದು. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವೆ ಉಳಿದ ಕಾಡಿನ ತುಣುಕುಗಳಲ್ಲಿಯೂ ದಾಸಮಂಗಟ್ಟೆಗಳಿವೆ. ಅಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಸಂಸ್ಥೆಯವರು ತೋಟದ ಕಂಪನಿಗಳ ಸಹಕಾರದಿಂದ ಕಾಡುಜಾತಿಯ ಸಸಿಗಳನ್ನು ನೆಟ್ಟು ಬೆಳೆಸುತ್ತಿದ್ದಾರೆ.

ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ, ಜೀವಿಗಳ ನೆಲೆಯನ್ನು ತುಂಡರಿಸುವ ಯೋಜನೆಗಳ ಬಗ್ಗೆ ಎಚ್ಚರಿಸಿ, ಆ ತುಣುಕುಗಳನ್ನು ಬೆಸೆಯುವ ಹಸಿರು ಹಾದಿಗಳನ್ನು ಸ್ಮರಿಸಿದರು. ನೋವನ ನಾವೆಯಿಂದ ಹಾರಿದ ಪಾರಿವಾಳಕ್ಕೆ ಮೊದಲು ಕಾಲಿಡಲು ನೆಲೆ ಸಿಗಲಿಲ್ಲವೆಂದು ಆದಿಕಾಂಡವು ತಿಳಿಸುತ್ತದೆ. ಅಂದು ನೆಲೆಯನ್ನು ಮುಳುಗಿಸಿದ್ದು ಜಲಪ್ರಳಯ. ಇಂದು ಅದನ್ನು ಕಸಿಯುತ್ತಿರುವುದು ನಮ್ಮ ಕೈಗಳೇ.

ಬಂಧುಗಳೇ, ನಿಮ್ಮಲ್ಲಿ ಹಲವರಿಗೆ ಕಾಫಿ ತೋಟಗಳಿವೆ. ನೆರಳಿಗಾಗಿ ಹಿರಿಯರು ಉಳಿಸಿದ ಅತ್ತಿಮರವನ್ನು ಕಡಿದು ಸಿಲ್ವರ್ ಓಕ್ ನೆಟ್ಟರೆ ಹಣ ಬೇಗ ಕೈಸೇರೀತು, ನಿಜ. ಸಾಲ, ಮಕ್ಕಳ ಓದು, ಮದುವೆಗಳ ಭಾರವನ್ನು ನಾನು ಬಲ್ಲೆ. ಆದರೂ ಕೊಡಲಿ ಎತ್ತುವ ಮುನ್ನ ಒಮ್ಮೆ ತಲೆಯೆತ್ತಿ ನೋಡಿರಿ. ಆ ಕೊಂಬೆಯ ಹಣ್ಣನ್ನು ನಂಬಿ, ಎಲ್ಲೋ ಒಂದು ಪೊಟರೆಯ ಕತ್ತಲಲ್ಲಿ ತಾಯಿಯೊಬ್ಬಳು ಕಾದಿರಬಹುದು.