ಕೆರೆ ತಣಿಯಲೆಂದು ಕಾದ ಒಂದು ವಾರ

ನಮ್ಮದು ಕುಂದಾಪುರದ ಕಡೆ. ಮೀನಿಲ್ಲದ ಊಟ ಊಟವೇ ಅಲ್ಲ ಅನ್ನುವ ಮನೆಯಲ್ಲಿ ಬೆಳೆದವಳು ನಾನು. ಹಾಗಾಗಿ ಅಮೆರಿಕದಲ್ಲಿರುವ ತಮ್ಮ "ಅಕ್ಕಾ, ಈ ಸಲ ನಿನ್ನನ್ನು ದೊಡ್ಡ ಮೀನು ಹಿಡಿಯಲಿಕ್ಕೆ ಕರ್ಕೊಂಡು ಹೋಗ್ತೇನೆ" ಅಂದಾಗ, ಹುಣಸೆಹುಳಿ, ಬ್ಯಾಡಗಿ ಮೆಣಸು ಹುರಿದು ಮಾಡಿದ ಮಸಾಲೆಪುಡಿ ಎಲ್ಲ ಪೆಟ್ಟಿಗೆಗೆ ತುಂಬಿಕೊಂಡೇ ವಿಮಾನ ಹತ್ತಿದೆ.

2023ರ ಜುಲೈ ಕೊನೆ. ಮಿನಿಯಾಪೊಲಿಸ್‌ನ ಅವನ ಮನೆಯಿಂದ ಕಾರಿನಲ್ಲಿ ಎರಡೂವರೆ ಗಂಟೆ ಹೋದರೆ ವಿಸ್ಕಾನ್ಸಿನ್ ರಾಜ್ಯದ ಹೇವರ್ಡ್ ಎಂಬ ಪುಟ್ಟ ಊರು. ಅಲ್ಲೊಂದು ಮೀನಿನ ಮ್ಯೂಸಿಯಂ ಇದೆ. ಅದರ ಕಟ್ಟಡವೇ ಮೀನು! 143 ಅಡಿ ಉದ್ದ. ಒಳಗೆ ಹೊಕ್ಕು ಮೆಟ್ಟಿಲು ಹತ್ತಿ, ಬಾಯಿಯಲ್ಲಿ ನಿಂತು ಊರು ನೋಡಬಹುದು. ನಾನೂ ಹಲ್ಲುಗಳ ನಡುವೆ ನಿಂತು ಫೋಟೋ ತೆಗೆಸಿಕೊಂಡೆ. ಆ ಮೀನಿನ ಹೆಸರು ಮಸ್ಕಿ. 1955ರಿಂದ ಅದು ಅಲ್ಲಿನ ರಾಜ್ಯದ ಮೀನು. ಬಾತುಕೋಳಿಯ ಕೊಕ್ಕಿನಂಥ ಮೂತಿ, ಬಾಯಿ ತುಂಬ ಸೂಜಿಹಲ್ಲು. ನಾಲ್ಕಡಿ ಬೆಳೆಯಲು ಹತ್ತು ವರ್ಷಕ್ಕೂ ಮೇಲೆ ಬೇಕಂತೆ. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಕ್ಕೀತು ಅನ್ನುವುದು ಅಲ್ಲಿಯವರ ಮಾತು.

ಊರಿನಾಚೆ ಚಿಪ್ಪೆವಾ ಫ್ಲೋವೇಜ್ ಎಂಬ ದೊಡ್ಡ ಕೆರೆ. 1920ರ ದಶಕದಲ್ಲಿ ಅಣೆ ಕಟ್ಟಿ ನಿಲ್ಲಿಸಿದ ನೀರು. ಅಲ್ಲಿನ ಮೂಲನಿವಾಸಿ ಒಜಿಬ್ವೆ ಜನರ ಹಳ್ಳಿ ಅದರಡಿ ಮುಳುಗಿದೆ. ನೀರಿನ ಬಣ್ಣ ಹಾಲು ಹಾಕದ ಚಹಾದ ಹಾಗೆ. ದಡದಲ್ಲಿ ಮರದ ಮನೆಯೊಂದನ್ನು ತಮ್ಮ ಒಂದು ವಾರಕ್ಕೆ ಬಾಡಿಗೆ ಹಿಡಿದಿದ್ದ.

ಮೊದಲ ಬೆಳಿಗ್ಗೆ ಐದಕ್ಕೇ ಎದ್ದು ಫ್ಲಾಸ್ಕಿನಲ್ಲಿ ಕಾಫಿ ತುಂಬಿ ತಯಾರಾದೆ. ತಮ್ಮ ಕಟ್ಟೆಯ ಮೇಲೆ ಕೂತು ದಾರಕ್ಕೆ ಕಟ್ಟಿದ ಥರ್ಮಾಮೀಟರನ್ನು ನೀರಿಗೆ ಇಳಿಬಿಟ್ಟಿದ್ದ. ಜ್ವರ ಬಂದ ಮಗುವನ್ನು ನೋಡುವವನ ಮುಖ. "82. ಇವತ್ತು ಬೇಡ ಅಕ್ಕ" ಅಂದ.

80 ಡಿಗ್ರಿ ದಾಟಿದರೆ ಮಸ್ಕಿಗೆ ಗಾಳ ಹಾಕಬಾರದಂತೆ. ಅದು ಫ್ಯಾರನ್‌ಹೀಟ್ ಲೆಕ್ಕ, ನಮ್ಮ ಲೆಕ್ಕದಲ್ಲಿ ಸುಮಾರು 27. ನನಗೆ ನಗು ಬಂತು. ನಮ್ಮ ಬಾವಿಯ ನೀರೇ ಅಷ್ಟಿರುತ್ತದೆ, ನಾವು ಅದನ್ನು ತಣ್ಣೀರು ಅಂತೇವೆ!

ಪಕ್ಕದ ಮನೆಯ ಅಜ್ಜ ಬಿಡಿಸಿ ಹೇಳಿದರು, ತಮ್ಮ ಕನ್ನಡದಲ್ಲಿ ದಾಟಿಸಿದ. ಕಾದ ನೀರಿನಲ್ಲಿ ಪ್ರಾಣವಾಯು ಕಡಿಮೆ. ಈ ಮೀನು ತಣ್ಣಗಿನ ನೀರಿನದು. ಗಾಳಕ್ಕೆ ಸಿಕ್ಕಿ ಜಗ್ಗಾಡಿ ಸುಸ್ತಾದರೆ ಮತ್ತೆ ಉಸಿರು ಹಿಡಿಯಲು ಆಗುವುದಿಲ್ಲ. ಬಿಟ್ಟಾಗ ಈಜಿಕೊಂಡೇ ಹೋಗುತ್ತದೆ. ಒಂದೆರಡು ದಿನ ಕಳೆದು ಸಾಯುತ್ತದೆ. ಹೌದು, ಬಿಡುವುದು! ಆ ರಾಜ್ಯದ ಹೆಚ್ಚಿನ ಕೆರೆಗಳಲ್ಲಿ 40 ಇಂಚು ದಾಟಿದ ಮಸ್ಕಿಯನ್ನು ಮನೆಗೆ ಒಯ್ಯಲು ಕಾನೂನಿನ ಅಡ್ಡಿಯಿಲ್ಲ. ಆದರೂ ಹೆಚ್ಚಿನವರು ನೀರಿಗೇ ಬಿಟ್ಟುಬಿಡುತ್ತಾರೆ. ತಿನ್ನದ ಮೀನಿಗೆ ಇಷ್ಟು ಒದ್ದಾಟ ಯಾಕೋ, ನನಗಂತೂ ಪೂರ್ತಿ ಅರ್ಥವಾಗಲಿಲ್ಲ.

ಮೂರನೇ ದಿನವೂ 83. ನನಗೆ ರೇಗಿತು. "ಪರವಾನಗಿಗೆ ದುಡ್ಡು ಕಟ್ಟಿದ್ದೀಯ, ರಜೆ ಹಾಕಿದ್ದೀಯ. ಬೇಡ ಅಂತ ಯಾರಾದ್ರೂ ಹೇಳಿದ್ರಾ? ನಾನು ಮತ್ತೆ ಈ ದೇಶಕ್ಕೆ ಬರುವುದುಂಟೋ ಇಲ್ಲವೋ!" ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಇಳಿಸಬಾರದೆಂದು ಸರಕಾರದ ಆಜ್ಞೆ ಇದೆ, ಸುಮ್ಮನಿರುತ್ತೇವೆ. ಇಲ್ಲಿ ಅಂಥ ಆಜ್ಞೆಯೂ ಇಲ್ಲವಲ್ಲ.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ. ಹಿಂದಿನ ವರ್ಷ ಇಂಥದೇ ಸೆಕೆಯಲ್ಲಿ ಅವನ ಗಾಳಕ್ಕೆ ಮೊದಲ ಮಸ್ಕಿ ಬಿದ್ದಿತ್ತು. ಎತ್ತಿ ಹಿಡಿದು ಫೋಟೋ ತೆಗೆದು ಬಿಟ್ಟ. ಮರುದಿನ ಸಂಜೆ ಜೊಂಡಿನ ಹತ್ತಿರ ಹೊಟ್ಟೆ ಮೇಲಾಗಿ ತೇಲುತ್ತಿತ್ತು. "ಅದೇ ಮೀನು ಅಕ್ಕ. ಬಾಲದ ಹತ್ತಿರ ಹಳೇ ಗಾಯದ ಗುರುತಿತ್ತು. ಫೋಟೋದಲ್ಲೂ ಉಂಟು." ಆ ಫೋಟೋವನ್ನು ಮನೆಯ ಗೋಡೆಯಲ್ಲಿ ಯಾಕೆ ಹಾಕಿಲ್ಲ ಅಂತ ಬಂದ ದಿನವೇ ಕೇಳಿದ್ದೆ. ಈಗ ಬಾಯಿ ಮುಚ್ಚಿಕೊಂಡೆ.

ಹಾಗಂತ ಉಪವಾಸ ಇರಲಿಲ್ಲ ಅನ್ನಿ. ಕಟ್ಟೆಯಿಂದಲೇ ಬ್ಲೂಗಿಲ್ ಎಂಬ ಅಂಗೈಯಗಲದ ಮೀನು ಹಿಡಿದೆವು. ಅದಕ್ಕೆ ಬಿಸಿ ತಡೆಯುತ್ತದೆ. ಹುಳಿ, ಉಪ್ಪು, ಮಸಾಲೆಪುಡಿ ಹಚ್ಚಿ ಅರ್ಧ ಗಂಟೆ ಇಟ್ಟು, ಅಕ್ಕಿಹಿಟ್ಟಿನಲ್ಲಿ ಹೊರಳಿಸಿ ಕಾವಲಿಯಲ್ಲಿ ಹುರಿದೆ. ಅಜ್ಜ ಕಣ್ಣು ಮೂಗಲ್ಲಿ ನೀರು ಸುರಿಸುತ್ತಾ ಏಳು ತಿಂದರು. ಉಳಿದ ಪುಡಿಯನ್ನು ಬಾಟಲಿಗೆ ಹಾಕಿ ಅವರಿಗೇ ಕೊಟ್ಟುಬಂದೆ.

ಕೊನೆಯ ರಾತ್ರಿ ಗುಡುಗು ಮಳೆ. ಬೆಳಿಗ್ಗೆ ತಮ್ಮನಿಗಿಂತ ಮೊದಲು ನಾನೇ ಓಡಿಹೋಗಿ ದಾರ ಎಳೆದು ನೋಡಿದೆ. 79! ತಮ್ಮ ಆಕಾಶ ನೋಡಿದ. ಆಗಲೇ ಬಿಸಿಲು ಬಂದಿತ್ತು. "ಮಧ್ಯಾಹ್ನಕ್ಕೆ ಮತ್ತೆ ಏರ್ತದೆ. ಇನ್ನೂ ನಾಲ್ಕೈದು ತಂಪು ರಾತ್ರಿ ಬೇಕು" ಅಂದ. ನಾನು ಒತ್ತಾಯ ಮಾಡಲಿಲ್ಲ. ಹತ್ತು ಗಂಟೆಗೆ ಮನೆ ಬಿಟ್ಟುಕೊಟ್ಟೆವು.

ಆಗಸ್ಟ್ ಕೊನೆಗೆ, ನಾನು ಊರಿಗೆ ಬಂದ ಮೇಲೆ, ಒಂದು ರಾತ್ರಿ ಅವನ ಫೋನು. ಮೀನು ಸಿಕ್ಕಿತಂತೆ. ನೀರಿನಿಂದ ಮೇಲೆತ್ತದೆ ಬಲೆಯಲ್ಲೇ ಗಾಳ ಬಿಡಿಸಿ ಕಳಿಸಿದನಂತೆ.

"ನೀರು ಎಷ್ಟಿತ್ತು?" ಅಂದೆ.

"72."

ಉದ್ದ ಕೇಳಲು ಮರೆತೇಬಿಟ್ಟೆ. ಒಲೆಯ ಮೇಲೆ ಬಂಗುಡೆ ಸಾರು ಉಕ್ಕುತ್ತಿತ್ತು.