ನಾಚಾರಂ ರಸ್ತೆಯಲ್ಲಿ ಸಾವಿರ ಕುದುರೆ

ಸಂಜೆ ಆರೂವರೆ, ಹೈದರಾಬಾದಿನ ಹಬ್ಸಿಗುಡ ಚೌರಸ್ತೆ. ತಲೆಯ ಮೇಲೆ ಮೆಟ್ರೊ ರೈಲು ನಾಗೋಲ್ ಕಡೆಗೆ ಹೋಗುತ್ತಿದೆ. ನಿಮ್ಮ ಬಲಗಡೆ ಸರಕು ಲಾರಿಯೊಂದು ನಿಂತಿದೆ, ಅದರ ಟೈರಿನ ಮೇಲಂಚು ಸರಿಯಾಗಿ ನಿಮ್ಮ ಕಣ್ಣಿನ ಮಟ್ಟಕ್ಕಿದೆ. ಅಷ್ಟು ಕೆಳಗೆ ಕೂತಿದ್ದೀರಿ. ಕಾರಿನ ಒಟ್ಟು ಎತ್ತರವೇ 1,186 ಮಿಲಿಮೀಟರ್. ಲಾರಿಯ ಕ್ಲೀನರ್ ಕಿಟಕಿಯಿಂದ ಬಗ್ಗಿ ನೋಡಿದರೆ ಅವನಿಗೆ ಕಾಣುವುದು ನಿಮ್ಮ ಮುಖವಲ್ಲ, ಕೆಂಪು ಚಾವಣಿ.

ನೀವು ಹಿಡಿದಿರುವುದು ಫೆರಾರಿ ಎಸ್ಎಫ್90 ಸ್ಟ್ರಡಾಲೆಯ ಸ್ಟಿಯರಿಂಗು. ಈ ಸವಾರಿ ಕಲ್ಪನೆಯದು, ರಸ್ತೆಯೂ ಕಾರಿನ ಲೆಕ್ಕಗಳೂ ನಿಜದವು. ಇಂಥ ಕಾರುಗಳನ್ನು ಯಾವಾಗಲೂ ಇಟಲಿಯ ಫಿಯೊರಾನೊ ಟ್ರ್ಯಾಕಿನಲ್ಲೋ ಈ ಊರಿನ ಸಿರಿವಂತರ ಜುಬಿಲಿ ಹಿಲ್ಸಿನ ಹೋಟೆಲುಗಳ ಮುಂದೋ ನಿಲ್ಲಿಸಿ ವರ್ಣಿಸುತ್ತಾರೆ. ನನಗೆ ಅದನ್ನು ನಾಚಾರಂ ಕೈಗಾರಿಕಾ ಪ್ರದೇಶದೊಳಗೆ, ಶಿಫ್ಟು ಬಿಡುವ ಹೊತ್ತಿನಲ್ಲಿ ನೋಡಬೇಕಾಗಿದೆ. ಅಂಕಿಪಟ್ಟಿಯಲ್ಲಿ ಯಾವುದು ಕೆಲಸದ್ದು, ಯಾವುದು ಬರೀ ಹೇಳಿಕೊಳ್ಳಲಿಕ್ಕೆ ಎಂಬುದು ಅಲ್ಲಿ ತಿಳಿಯುತ್ತದೆ.

ಹಸಿರು ದೀಪ. ಎಡಕ್ಕೆ ತಿರುಗಿಸಿ. ಸದ್ದೇ ಇಲ್ಲ. ನಿಮ್ಮ ಬೆನ್ನ ಹಿಂದಿರುವ ನಾಲ್ಕು ಲೀಟರಿನ ವಿ8 ಎಂಜಿನ್, ಎರಡು ಟರ್ಬೊಗಳೊಂದಿಗೆ ತಾನೊಂದೇ 780 ಅಶ್ವಶಕ್ತಿ ಕೊಡಬಲ್ಲದ್ದು, ಈಗ ಮಲಗಿದೆ. ಸ್ಟಿಯರಿಂಗ್ ಮೇಲಿನ ಗುಂಡಿಯನ್ನು ನೀವು ಇ-ಡ್ರೈವ್‌ಗೆ ಇಟ್ಟಿದ್ದೀರಿ. ಕಾರನ್ನು ಎಳೆಯುತ್ತಿರುವುದು ಮುಂದಿನ ಎರಡು ಚಕ್ರಗಳ ಎರಡು ಮೋಟಾರುಗಳು ಮಾತ್ರ. ಮೂರನೆಯ ಮೋಟಾರು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಸುಮ್ಮನಿದೆ. ಮೂರೂ ದುಡಿದರೆ ಬ್ಯಾಟರಿಯಿಂದ 220 ಅಶ್ವಶಕ್ತಿ. ಎಂಜಿನ್ನಿನದನ್ನು ಕೂಡಿಸಿದರೆ ಬರೋಬ್ಬರಿ ಸಾವಿರ. 2019ರಲ್ಲಿ ಈ ಕಾರು ಹೊರಬಂದಾಗ ಜಗತ್ತು ಮಾತಾಡಿದ್ದು ಆ ಸಾವಿರದ ಬಗ್ಗೆ. ಈ ರಸ್ತೆಯಲ್ಲಿ ನಿಮ್ಮ ಜೀವ ಉಳಿಸುತ್ತಿರುವುದು ಉಳಿದ ಇನ್ನೂರಿಪ್ಪತ್ತು, ಅದರಲ್ಲೂ ಒಂದು ಸಣ್ಣ ಪಾಲು.

ಸೂಪರ್‌ಕಾರಿಗೂ ಮೇಲಿನ ಹೈಪರ್‌ಕಾರ್ ಎಂಬ ಪಟ್ಟವನ್ನು ಇದಕ್ಕೆ ಕೊಡಲು ಒಪ್ಪದವರಿದ್ದಾರೆ. ಅವರ ಪ್ರಕಾರ ಆ ಮಾತು ಸಲ್ಲುವುದು 2013ರಲ್ಲಿ ಒಟ್ಟೊಟ್ಟಿಗೆ ಬೀದಿಗಿಳಿದ ಮೂರಕ್ಕೆ: 375 ಮಾತ್ರ ತಯಾರಾದ ಮೆಕ್ಲಾರೆನ್ ಪಿ1, 918 ತಯಾರಾದ ಪೋರ್ಶೆ 918 ಸ್ಪೈಡರ್, ಮತ್ತು ಲಾಫೆರಾರಿ. ಆದರೆ ಲಾಫೆರಾರಿಗೆ 963 ಅಶ್ವಶಕ್ತಿ, ಗೋಡೆಗೆ ಸಿಕ್ಕಿಸುವ ಪ್ಲಗ್ಗೂ ಇರಲಿಲ್ಲ. ಶಕ್ತಿಯಲ್ಲಿ ಅದನ್ನೂ ಮೀರಿದ, ಪ್ಲಗ್ಗೂ ಇರುವ ಈ ಕಾರಿಗೆ ಆ ಹೆಸರು ಕೊಡಲು ನನಗೆ ಸಂಕೋಚವಿಲ್ಲ.

ಮುಂದೆ ರೋಡ್ ಹಂಪು. ನಮ್ಮ ದೇಶದ ರಸ್ತೆ ನಿಯಮದ ಪ್ರಕಾರ ಹಂಪು 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು. ಹಾಗಿದ್ದರೆ 25 ಕಿ.ಮೀ. ವೇಗದಲ್ಲಿ ಯಾರ ಬೆನ್ನೂ ಮುರಿಯದೆ ದಾಟಬಹುದು. ಗಲ್ಲಿಯವರು ತಾವೇ ಹಾಕಿಕೊಂಡ ಹಂಪಿಗೆ ಆ ಅಳತೆ ಯಾರು ಹೇಳಬೇಕು? ಒಂದಡಿ ಅಗಲದ ಸಿಮೆಂಟಿನ ದಿಬ್ಬ ಎದುರಿಗಿದೆ. ಮೂತಿ ಎತ್ತುವ ಸ್ವಿಚ್ಚು ಒತ್ತುತ್ತೀರಿ. ಕೊಂಡವರು ಹೆಚ್ಚಿನ ಹಣ ಕೊಟ್ಟು ಹಾಕಿಸಿಕೊಂಡಿದ್ದರೆ ಮಾತ್ರ ಆ ಸೌಲಭ್ಯ. ಮುಂಭಾಗ ನಿಧಾನ ಮೇಲೇಳುತ್ತದೆ, ಹಿಂದಿನ ಬೈಕುಗಳು ಹಾರ್ನ್ ಹೊಡೆಯುತ್ತವೆ, ನೀವು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತೀರಿ. ಕಾರ್ಬನ್ ಫೈಬರಿನ ತುಟಿ ಉಳಿಯಿತು. ಗಂಟೆಗೆ 250 ಕಿ.ಮೀ. ವೇಗದಲ್ಲಿ 390 ಕೆ.ಜಿ. ಭಾರದಷ್ಟು ಗಾಳಿಯೊತ್ತಡ ಕಾರನ್ನು ನೆಲಕ್ಕೆ ಒತ್ತಿ ಹಿಡಿಯಲೆಂದೇ ಆ ಮೂತಿ ಅಷ್ಟು ತಗ್ಗು. ಇಲ್ಲಿ ವೇಗ ಒಂಬತ್ತು.

ನೂರು ಕಿ.ಮೀ. ವೇಗ ಮುಟ್ಟಲು ಇದಕ್ಕೆ ಎರಡೂವರೆ ಸೆಕೆಂಡು ಸಾಕು. ಅದನ್ನು ನೆಲದ ಮೇಲೆ ಹಾಸಿ ನೋಡಿ: ವೇಗ ಸಮನಾಗಿ ಏರಿತೆಂದುಕೊಂಡರೆ ಸುಮಾರು 35 ಮೀಟರ್. ಆ ವೇಗದಿಂದ ನಿಲ್ಲಲು ಕಂಪನಿ ಹೇಳುವುದು ಮೂವತ್ತು ಮೀಟರಿಗೂ ಕಡಿಮೆ. ಒಟ್ಟಿನಲ್ಲಿ 65 ಮೀಟರ್ ಖಾಲಿ ರಸ್ತೆ ಸಿಕ್ಕರೆ ಈ ಕಾರು ತನ್ನ ಪೂರ್ತಿ ವಿದ್ಯೆ ತೋರಿಸಿ ಮುಗಿಸುತ್ತದೆ. ನಾಚಾರಂ ಮುಖ್ಯರಸ್ತೆಯಲ್ಲಿ ಈ ಹೊತ್ತಿಗೆ 65 ಮೀಟರ್ ಖಾಲಿ ಜಾಗವೆಲ್ಲಿದೆ? ಷೇರ್ ಆಟೊ, ಡಿಸಿಎಂ ವ್ಯಾನು, ನೀರಿನ ಟ್ಯಾಂಕರು, ಔಷಧ ಕಾರ್ಖಾನೆಯ ಬಸ್ಸು, ಟಿಫನ್ ಡಬ್ಬಿ ನೇತುಹಾಕಿಕೊಂಡ ಸೈಕಲ್ಲು. ಇಷ್ಟರ ನಡುವೆ ಹತ್ತಡಿ ಬಿಟ್ಟರೆ ಅದರೊಳಗೆ ಸ್ಕೂಟಿ ನುಗ್ಗುತ್ತದೆ.

ಬ್ಯಾಟರಿ ಎಷ್ಟು ದೂರ ಬರುತ್ತದೆ? ಅದರ ಅಳತೆ 7.9 ಕಿಲೋವ್ಯಾಟ್ ಅವರ್. ಕಂಪನಿಯ ಲೆಕ್ಕಕ್ಕೆ 25 ಕಿ.ಮೀ. ಅಂದರೆ ಕಿಲೋಮೀಟರಿಗೆ ಮುನ್ನೂರು ವ್ಯಾಟ್ ಅವರ್‌ಗೂ ಮೇಲೆ. ಚಿಕ್ಕ ಎಲೆಕ್ಟ್ರಿಕ್ ಕಾರು ಇದರ ಅರ್ಧದಲ್ಲಿ ಅಷ್ಟೇ ದೂರ ಹೋಗುತ್ತದೆ. ಜುಬಿಲಿ ಹಿಲ್ಸಿನಿಂದ ನಾಚಾರಕ್ಕೆ ಬಂದು ವಾಪಸಾಗಲು ಸಾಲದು, ಬರಲಿಕ್ಕಷ್ಟೇ ಸಾಕು. ಬ್ರೇಕು ಒತ್ತಿದಾಗ ಮೋಟಾರುಗಳೇ ಜನರೇಟರಾಗಿ ಸ್ವಲ್ಪ ಶಕ್ತಿ ಹಿಂದಕ್ಕೆ ಕೊಡುವುದು ಹೌದು. ಆದರೆ ನಲವತ್ತರ ವೇಗದಿಂದ ಪೂರ್ತಿ ನಿಂತರೂ ಅದರಲ್ಲಿರುವುದು ಹೆಚ್ಚೆಂದರೆ ಮೂವತ್ತು ವ್ಯಾಟ್ ಅವರ್, ನೂರು ಮೀಟರು ಓಡುವಷ್ಟು. ಇದೇ ಊರಿನ ಹುಸೇನ್ ಸಾಗರದ ಪಕ್ಕ 2023ರ ಫೆಬ್ರವರಿ 11ರಂದು ಫಾರ್ಮುಲಾ ಇ ಓಟ ನಡೆಯಿತು, ಜಾನ್ ಎರಿಕ್ ವೆರ್ನ್ ಗೆದ್ದರು. ಆ ಕಾರುಗಳು ಓಟಕ್ಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ನಲವತ್ತರಷ್ಟನ್ನು ಬ್ರೇಕಿನಿಂದಲೇ ಮರಳಿ ಪಡೆಯುವಂತೆ ಕಟ್ಟಿದವು. ಅಲ್ಲಿ ಜೋರಾಗಿ ಓಡಿ ಜೋರಾಗಿ ನಿಲ್ಲುತ್ತಾರೆ. ಇಲ್ಲಿ ತೆವಳಿ ನಿಲ್ಲುತ್ತೀರಿ. ತೆವಳುವುದರಲ್ಲಿ ಮರಳಿ ಪಡೆಯಲು ಏನೂ ಇರುವುದಿಲ್ಲ.

ಕಿಟಕಿ ಇಳಿಸಿದ್ದೀರಿ. ಫೋನಿನಲ್ಲಿ ಮನೆಯವರೊಂದಿಗೆ ನೀವು ಆಡಿದ ಮಾತು ಕೇಳಿಸಿಕೊಂಡು, ಲೇತ್ ವರ್ಕ್‌ಶಾಪಿನ ಗೇಟಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಮನುಷ್ಯ ಹತ್ತಿರ ಬರುತ್ತಾನೆ. ಬೀದರ ಕಡೆಯವನು. 1956ರವರೆಗೆ ಬೀದರಕ್ಕೆ ಹೈದರಾಬಾದೇ ರಾಜಧಾನಿ. ದುಡಿಯಲು ಇಲ್ಲಿಗೆ ಬರುವುದನ್ನು ಆ ಕಡೆಯವರು ಪರಊರಿಗೆ ಹೋದಂತೆ ಎಣಿಸುವುದಿಲ್ಲ.

“ಕನ್ನಡದವ್ರೇನ್ರಿ ಅಣ್ಣಾ? ಏನ್ ಗಾಡಿರಿ ಇದು, ಆವಾಜೇ ಇಲ್ಲಲ್ರಿ!”

“ಸದ್ಯ ಕರೆಂಟ್ ಮೇಲೆ ಓಡ್ತಿದೆ. ಪೆಟ್ರೋಲೂ ಇದೆ.”

“ಎರಡೂ ಅದಾವೇನು? ಲೀಟರಿಗಿ ಎಷ್ಟ ಕೊಡ್ತದ್ರಿ?”

ಸರಿಯಾದ ಪ್ರಶ್ನೆ. ಉತ್ತರ ಮಾತ್ರ ಕಷ್ಟದ್ದು. ಯುರೋಪಿನ ಪರೀಕ್ಷೆಯಲ್ಲಿ ಈ ಕಾರು ಕಿಲೋಮೀಟರಿಗೆ ಬಿಡುವ ಇಂಗಾಲದ ಡೈಆಕ್ಸೈಡ್ 154 ಗ್ರಾಂ ಎಂದು ದಾಖಲಾಗಿದೆ. ಕುಟುಂಬದ ಸಾಧಾರಣ ಪೆಟ್ರೋಲ್ ಕಾರಿನ ಅಂಕಿ ಅದು. ಪ್ಲಗ್ ಇರುವ ಹೈಬ್ರಿಡ್ಡುಗಳ ಪರೀಕ್ಷೆಯಲ್ಲಿ ಬ್ಯಾಟರಿ ತುಂಬಿದ ಓಟಕ್ಕೂ ದೊಡ್ಡ ಪಾಲು ಹಿಡಿಯುತ್ತಾರೆ, ಆದ್ದರಿಂದ ಹಾಗೆ ಬರುತ್ತದೆ. ಬ್ಯಾಟರಿ ಮುಗಿದ ಮೇಲೆ ಅದು 780 ಅಶ್ವಶಕ್ತಿಯ ಪೆಟ್ರೋಲ್ ಕಾರೇ, ಜೊತೆಗೆ ಹೈಬ್ರಿಡ್ ಸರಂಜಾಮಿನ 270 ಕೆ.ಜಿ. ಹೆಚ್ಚುವರಿ ಭಾರ. ನಗರದ ಗಾಳಿಗೆ ಒಳ್ಳೆಯದಾಗಬೇಕಾದರೆ ಒಡೆಯರು ಪ್ರತಿ ರಾತ್ರಿ ತಪ್ಪದೆ ಚಾರ್ಜಿಗೆ ಹಾಕಬೇಕು. ಇದನ್ನು ಬೀದರದ ಆ ಮನುಷ್ಯನಿಗೆ ಒಂದು ವಾಕ್ಯದಲ್ಲಿ ಹೇಳುವುದು ಹೇಗೆ? “ಚಾರ್ಜ್ ಮಾಡಿದ್ರೆ ಕೊಡುತ್ತೆ, ಇಲ್ಲದಿದ್ರೆ ಕುಡಿಯುತ್ತೆ” ಎನ್ನುತ್ತೀರಿ. ಅವನು ತಲೆಯಾಡಿಸುತ್ತಾನೆ.

ಬೆಲೆಯನ್ನು ಅವನು ಕೇಳಲಿಲ್ಲ. ಹೊಸದಾಗಿ ಮಾರಾಟದಲ್ಲಿದ್ದಾಗ ಸುಮಾರು ಏಳೂವರೆ ಕೋಟಿ ರೂಪಾಯಿ ಇತ್ತು. ತೆರಿಗೆಯ ಕಥೆ ಬೇರೆ. ಬೆಂಗಳೂರಿನಲ್ಲಿ ಓಡಾಡುತ್ತಿದ್ದ, ಮಹಾರಾಷ್ಟ್ರದಲ್ಲಿ ನೋಂದಣಿಯಾದ ಇದೇ ಮಾದರಿಯ ಕೆಂಪು ಕಾರೊಂದಕ್ಕೆ 2025ರ ಜುಲೈನಲ್ಲಿ ಕರ್ನಾಟಕದ ಸಾರಿಗೆ ಇಲಾಖೆ ನೋಟಿಸು ಕೊಟ್ಟು ದಂಡಸಹಿತ 1.41 ಕೋಟಿಗೂ ಹೆಚ್ಚು ತೆರಿಗೆ ಕಟ್ಟಿಸಿಕೊಂಡಿತು. ಇಲಾಖೆ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಹಂಪೂ ಗುಂಡಿಯೂ ಯಾವ ಊರಿನವೋ ಆ ಊರಿನ ಖಜಾನೆಗೇ ತೆರಿಗೆ ಸೇರಬೇಕು.

ಗೇಟಿನೊಳಗಿಂದ ಟಿಪ್ಪರೊಂದು ಹೊರಬರುತ್ತಿದೆ, ಉದ್ದದ ಕಬ್ಬಿಣದ ಸರಳು ಹೇರಿಕೊಂಡು. “ಹಿಂದ ತಗೊಳ್ರಿ ಅಣ್ಣಾ, ಹಿಂದ!” ಅವನೇ ಕೈ ಬೀಸಿ ದಾರಿ ಮಾಡಿಸುತ್ತಾನೆ. ನೀವು ರಿವರ್ಸ್ ಒತ್ತುತ್ತೀರಿ. ಇದು ನನಗೆ ಈ ಕಾರಿನಲ್ಲಿ ಅತ್ಯಂತ ಇಷ್ಟವಾದ ಸಂಗತಿ: ಎಂಟು ಗೇರುಗಳ ಆ ಗೇರ್‌ಬಾಕ್ಸಿನಲ್ಲಿ ಹಿಂದಕ್ಕೆ ಹೋಗುವ ಗೇರೇ ಇಲ್ಲ. ತೂಕ ಉಳಿಸಲು ತೆಗೆದುಬಿಟ್ಟರು. ಮುಂದಿನ ಮೋಟಾರುಗಳೇ ಉಲ್ಟಾ ತಿರುಗಿ ಕಾರನ್ನು ಹಿಂದಕ್ಕೆ ತಳ್ಳುತ್ತವೆ.

ನಿಮ್ಮ ಹಿಂದಿದ್ದ ಟ್ಯಾಕ್ಸಿಯೂ ಹಿಂದೆ ಸರಿಯುತ್ತಿದೆ. ಕನ್ನಡಿಯಲ್ಲಿ ನೋಡಿ: ಟೊಯೋಟಾ ಇನ್ನೋವಾ ಹೈಕ್ರಾಸ್, ಹೈಬ್ರಿಡ್. ಬೆಂಗಳೂರಿನ ಪಕ್ಕದ ಬಿಡದಿಯ ಕಾರ್ಖಾನೆಯಲ್ಲಿ ತಯಾರಾದದ್ದು. ಅದರಲ್ಲೂ ಹಿಂದಕ್ಕೆ ಹೋಗುವ ಗೇರಿಲ್ಲ, ಅದೂ ಮೋಟಾರನ್ನು ಉಲ್ಟಾ ತಿರುಗಿಸಿಯೇ ಸರಿಯುತ್ತದೆ. ಏಳೂವರೆ ಕೋಟಿಯ ಕಾರೂ ಏಳು ಜನರನ್ನು ಹೊತ್ತ ಟ್ಯಾಕ್ಸಿಯೂ ಒಂದು ಟಿಪ್ಪರಿಗೆ ಜಾಗ ಬಿಡಲು, ಒಂದೇ ಉಪಾಯದಿಂದ, ಸದ್ದಿಲ್ಲದೆ ಹಿಂದೆ ಬರುತ್ತಿವೆ. ಹೈಕ್ರಾಸ್‌ನ ಒಟ್ಟು ಶಕ್ತಿ 186 ಅಶ್ವಶಕ್ತಿ. ಅದರ ನಿಕಲ್ ಬ್ಯಾಟರಿ ಫೆರಾರಿಯದಕ್ಕಿಂತ ಎಷ್ಟೋ ಚಿಕ್ಕದು. ಪ್ಲಗ್ಗು ಬೇಡ, ಓಡುತ್ತಲೇ ತುಂಬಿಕೊಳ್ಳುತ್ತದೆ. ಸರ್ಕಾರಿ ಪರೀಕ್ಷೆಯಲ್ಲಿ ಲೀಟರಿಗೆ 23.24 ಕಿ.ಮೀ. ಬೀದರದ ಮನುಷ್ಯನಿಗೆ ಒಂದೇ ಮಾತಿನಲ್ಲಿ ಕೊಡಬಹುದಾದ ಉತ್ತರ ಇದ್ದದ್ದು ಆ ಕಾರಿನ ಹತ್ತಿರ.

ಮೋಟಾರಿನ ಮಾತು ಬಂದದ್ದಕ್ಕೆ: ಹಬ್ಸಿಗುಡವನ್ನು ಈಗಷ್ಟೇ ಬಿಟ್ಟು ಬಂದಿರಲ್ಲ, ಅಲ್ಲೇ ಉಪ್ಪಲ್ ರಸ್ತೆಯಲ್ಲಿದೆ 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ. ಆಂಧ್ರದ ಅನಂತಪುರ ಜಿಲ್ಲೆಯಲ್ಲಿ ವಿರಳ ಭೂಲೋಹಗಳನ್ನು ಗುರುತಿಸಿದ್ದೇವೆ ಎಂದು ಅಲ್ಲಿನ ವಿಜ್ಞಾನಿಗಳು 2023ರಲ್ಲಿ ಹೇಳಿದರು. ಇಂಥ ಮೋಟಾರುಗಳ ಶಕ್ತಿಶಾಲಿ ಕಾಂತಗಳಿಗೆ ಬೇಕಾದ ನಿಯೋಡಿಮಿಯಂ ಅದೇ ಗುಂಪಿನ ಲೋಹ. ಮಂಡ್ಯದ ಮರಳಗಾಲದಲ್ಲಿ ಬ್ಯಾಟರಿಗೆ ಬೇಕಾಗುವ ಲಿಥಿಯಂ 1,600 ಟನ್ ಇದೆಯೆಂದು ಅಂದಾಜಿಸಿದ ಪರಮಾಣು ಖನಿಜ ನಿರ್ದೇಶನಾಲಯದ ಕೇಂದ್ರ ಕಚೇರಿಯೂ ಹೈದರಾಬಾದಿನದೇ. ನೆಲದಿಂದ ಮೋಟಾರಿನವರೆಗಿನ ದಾರಿ ಉದ್ದ, ಅದನ್ನು ನಾವು ಇನ್ನೂ ಹಾಕಿಕೊಂಡಿಲ್ಲ. ಹಾಕಿಕೊಳ್ಳಲೇಬೇಕು ಎಂದು ಒತ್ತಿ ಹೇಳುತ್ತೇನೆ. ಕಾಂತಕ್ಕಾಗಿ ಚೀನಾದ ಬಾಗಿಲಲ್ಲಿ ಕಾಯುವ ಕಷ್ಟ 2025ರಲ್ಲಿ ನಮ್ಮ ಕಾರು ತಯಾರಕರಿಗೂ ತಟ್ಟಿತು.

ಎಚ್ಎಂಟಿ ನಗರದ ತಿರುವು. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಕಂಪನಿಯ ಹೆಸರು ಹೊತ್ತ ಬಡಾವಣೆ. ಇಲ್ಲಿಯೇ ಬ್ಯಾಟರಿಯ ಪಟ್ಟಿ ಕೆಂಪಾಗುತ್ತದೆ. ವಿ8 ಎದ್ದಿತು. ಬೆನ್ನ ಹಿಂದೆ ಗುಡುಗು, ಫುಟ್‌ಪಾತಿನ ಮಿರ್ಚಿ ಬಂಡಿಯ ಸುತ್ತ ನಿಂತವರೆಲ್ಲ ಒಟ್ಟಿಗೆ ತಿರುಗಿದರು, ಹುಡುಗರು ಫೋನು ಎತ್ತಿದರು. ನಿಮಗೆ ಖುಷಿಯಾಗಿರಬಹುದು, ಆ ಸದ್ದು ಸುಂದರವಾಗಿದೆ, ಅಲ್ಲವೆನ್ನಲಾರೆ. ಆದರೆ ನಾಚಾರಂನ ಇಎಸ್ಐ ಆಸ್ಪತ್ರೆಯ ಮುಂದೆ ಹಾಗೆ ಹೋಗಬೇಕಾದೀತೆಂದು ಮೊದಲೇ ಲೆಕ್ಕ ಹಾಕಿ ಬ್ಯಾಟರಿ ಉಳಿಸಿಕೊಳ್ಳುವುದು ಈ ಕಾರು ಓಡಿಸುವವರ ಮರ್ಯಾದೆ.

ದಾರಿಯಲ್ಲಿ ಅಕ್ಕಿ ತರಲು ಮನೆಯವರು ಹೇಳಿದ್ದರು. ಮುಂದಿನ ಬಾನೆಟ್ ಎತ್ತಿದರೆ 74 ಲೀಟರಿನ ಗೂಡು, ಕಾರಿಗೆ ಇರುವ ಡಿಕ್ಕಿ ಅದೊಂದೇ. 25 ಕೆ.ಜಿ.ಯ ಸೋನಾ ಮಸೂರಿ ಚೀಲವನ್ನು ಅಡ್ಡ ಮಲಗಿಸಿದಿರಿ. ತರಕಾರಿ ಪಕ್ಕದ ಸೀಟಿನ ಮೇಲೆ.

ಅಪಾರ್ಟ್‌ಮೆಂಟಿನ ಸೆಲ್ಲಾರಿಗೆ ಇಳಿಯುವ ಇಳಿಜಾರು ಕಡಿದು. ಮತ್ತೆ ಮೂತಿ ಎತ್ತಿ, ಮತ್ತೆ ಓರೆಯಾಗಿ ಇಳಿಯುತ್ತೀರಿ. ಕಾರಿನ ಅಗಲ ಎರಡು ಮೀಟರಿಗೆ ಸ್ವಲ್ಪ ಕಡಿಮೆ. ಎರಡು ಕಂಬಗಳ ನಡುವೆ ನಿಲ್ಲಿಸಿದರೆ ಬಾಗಿಲು ಅರ್ಧ ತೆರೆಯುತ್ತದೆ. ಗೋಡೆಯಲ್ಲಿ ವಾಚ್‌ಮನ್ ನೀರಿನ ಮೋಟಾರಿಗೆ ಬಳಸುವ 16 ಆಂಪಿಯರಿನ ಪಾಯಿಂಟ್ ಇದೆ. ಅದರಿಂದ ಮೂರು ಕಿಲೋವ್ಯಾಟ್ ಎಳೆದುಕೊಂಡರೂ ಬ್ಯಾಟರಿ ತುಂಬಲು ಮೂರು ಗಂಟೆಯ ಹತ್ತಿರ, ಎಂಟೊಂಬತ್ತು ಯೂನಿಟ್ಟು. ಅಸೋಸಿಯೇಷನ್ ಕಾರ್ಯದರ್ಶಿ ಆಗಲೇ ಇಳಿದು ಬಂದಿದ್ದಾರೆ. ಕಾರು ನೋಡಲಿಕ್ಕೆ ಬಂದವರಲ್ಲ. ಆ ಪಾಯಿಂಟು ಸಾಮಾನ್ಯ ಮೀಟರಿನದು, ನಿಮ್ಮ ಫ್ಲ್ಯಾಟಿನ ಮೀಟರಿನಿಂದ ಬೇರೆ ವೈರು ಎಳೆಸಿಕೊಳ್ಳಿ, ಭಾನುವಾರದ ಮೀಟಿಂಗಿನಲ್ಲಿ ಅರ್ಜಿ ಕೊಡಿ ಎನ್ನುತ್ತಾರೆ. ನೀವು ಒಪ್ಪುತ್ತೀರಿ. ಅಲ್ಲಿಯವರೆಗೆ ಬೆಳಿಗ್ಗೆ ಹೊರಡುವಾಗ ಎಂಜಿನ್ನನ್ನೇ ಎಬ್ಬಿಸಬೇಕು.