ಇಪ್ಪತ್ತೈದರ ಒಳಗೆ

ಇಪ್ಪತ್ತೈದು ನಿಮಿಷದಲ್ಲಿ ಐದು ಕಿಲೋಮೀಟರು. ಶಾಲೆಯ ಮಕ್ಕಳಿಗೂ ಬರುವ ಲೆಕ್ಕ ಇದು: ಕಿಲೋಮೀಟರಿಗೆ ಐದು ನಿಮಿಷ, 400 ಮೀಟರಿನ ಟ್ರ್ಯಾಕಿನಲ್ಲಾದರೆ ಸುತ್ತಿಗೆ ಸರಿಯಾಗಿ ಎರಡು ನಿಮಿಷ, ಅಂಥ ಹನ್ನೆರಡೂವರೆ ಸುತ್ತು. ಇಷ್ಟು ಸಲೀಸಾಗಿ ಕೂಡಿಬರುವುದರಿಂದಲೋ ಏನೋ, ನನ್ನಂಥ ಸಾಮಾನ್ಯ ಓಟಗಾರರಿಗೆ ಈ ಗಡಿಯ ಮೇಲೆ ಬಲು ಮೋಹ. ನಲವತ್ತರ ಆಚೀಚೆ ಅದು ನನ್ನದಾಗಿತ್ತು. ಆಮೇಲೆ ಕೈತಪ್ಪಿತು. ಐವತ್ತು ದಾಟಿದ ಮೇಲೆ ಮತ್ತೆ ದಕ್ಕಿತು. ಹೀಗೆ ಎರಡನೆಯ ಸಲ ದಕ್ಕಿದ್ದರ ರುಚಿಯೇ ಬೇರೆ.

ನಾನು ಓಡುವುದು ಲಂಡನ್ನಿನ ನೈಋತ್ಯ ಅಂಚಿನ ಟೆಡಿಂಗ್ಟನ್‌ನಲ್ಲಿರುವ ಬುಶಿ ಪಾರ್ಕಿನಲ್ಲಿ, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ. ಇವತ್ತು ಹಲವು ದೇಶಗಳಿಗೆ ಹಬ್ಬಿರುವ ಪಾರ್ಕ್‌ರನ್ ಎಂಬ ಈ ಐದು ಕಿಲೋಮೀಟರಿನ ಓಟ ಹುಟ್ಟಿದ್ದು ಇಲ್ಲೇ. ಪಾಲ್ ಸಿಂಟನ್-ಹ್ಯೂವಿಟ್ ಎಂಬ ಓಟಗಾರ ಗಾಯವಾಗಿ ಓಡಲಾಗದೆ ಕೂತಿದ್ದಾಗ, ಓಟದ ಗೆಳೆಯರ ಸಂಗ ಬಿಟ್ಟುಹೋಗಬಾರದೆಂದು 2004ರ ಅಕ್ಟೋಬರ್ 2ರಂದು ಇದನ್ನು ಶುರುಮಾಡಿದರು. ಮೊದಲ ದಿನ ಓಡಿದವರು 13 ಮಂದಿ. ಈಗ ಅದೇ ಪಾರ್ಕಿನಲ್ಲಿ ಒಂದೇ ಬೆಳಿಗ್ಗೆ ಸಾವಿರಕ್ಕೂ ಹೆಚ್ಚು ಜನ ಸೇರುವುದುಂಟು. ಓಡಲಾಗದವನೊಬ್ಬ ಬೇರೆಯವರಿಗಾಗಿ ಗಡಿಯಾರ ಹಿಡಿದು ನಿಂತದ್ದೇ ಇದರ ಮೂಲ ಎನ್ನುವುದು, ನನಗೂ ಓಡಲಾಗದ ಕಾಲ ಬಂದಾಗ ದೊಡ್ಡ ಸಮಾಧಾನ ಕೊಟ್ಟಿತು.

ಆ ಓಟಕ್ಕೆ ಆಗ ಇಟ್ಟ ಹೆಸರು ‘ಬುಶಿ ಪಾರ್ಕ್ ಟೈಮ್ ಟ್ರಯಲ್’. ಕಾಲವನ್ನು ಅಳೆಯುವ ಓಟಕ್ಕೆ ಇದಕ್ಕಿಂತ ತಕ್ಕ ಜಾಗ ಸಿಗುತ್ತಿರಲಿಲ್ಲ. ಪಾರ್ಕಿಗೆ ತಾಗಿಕೊಂಡೇ ಬ್ರಿಟನ್ನಿನ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವಿದೆ. ಲೂಯಿ ಎಸೆನ್ ಮತ್ತು ಜ್ಯಾಕ್ ಪ್ಯಾರಿ 1955ರಲ್ಲಿ ಜಗತ್ತಿನ ಮೊದಲ ನಂಬುಗೆಯ ಸೀಸಿಯಂ ಪರಮಾಣು ಗಡಿಯಾರವನ್ನು ಕಟ್ಟಿದ್ದು ಅಲ್ಲಿ. 1967ರಿಂದ ಒಂದು ಸೆಕೆಂಡ್ ಎಂದರೆ ಸೀಸಿಯಂ ಪರಮಾಣುವಿನ 919 ಕೋಟಿಗೂ ಹೆಚ್ಚು ಕಂಪನಗಳು ಎಂದು ಜಗತ್ತೆಲ್ಲ ಒಪ್ಪಿಕೊಂಡಿದೆ. ಐದನೇ ಕಿಲೋಮೀಟರಿನಲ್ಲಿ ಒಂದೊಂದು ಸೆಕೆಂಡಿಗೂ ಹೋರಾಡುವಾಗ, ಆ ಸೆಕೆಂಡಿಗೆ ಇಷ್ಟೊಂದು ಒಡಲಿದೆ ಎಂದು ನೆನೆದರೆ ಕಾಲಿಗೆ ಹುರುಪು ಬರುತ್ತದೆ.

ಶನಿವಾರದ ವ್ಯವಸ್ಥೆ ಸರಳ. ಕಾಸಿಲ್ಲದೆ ಒಮ್ಮೆ ಹೆಸರು ನೋಂದಾಯಿಸಿದರೆ ಜೀವನಪೂರ್ತಿಗೆ ಒಂದು ಬಾರ್‌ಕೋಡ್. ಓಟ ಮುಗಿಸಿದವರನ್ನು ಸಾಲಾಗಿ ಸಾಗಿಸಲು, ಟೋಕನ್ ಕೊಡಲು, ಬಾರ್‌ಕೋಡ್ ಸ್ಕ್ಯಾನ್ ಮಾಡಲು, ತಿರುವಿನಲ್ಲಿ ನಿಂತು ದಾರಿ ತೋರಿಸಲು ಎಲ್ಲೆಲ್ಲೂ ಸ್ವಯಂಸೇವಕರು. ಯಾರೂ ಒಂಟಿಯಾಗಿ ಹಿಂದುಳಿಯಬಾರದೆಂದು ಎಲ್ಲರಿಗಿಂತ ಹಿಂದೆ ನಡೆದು ಬರಲು ಒಬ್ಬರು ಇದ್ದೇ ಇರುತ್ತಾರೆ. ಬ್ರಿಟನ್ನಿನ ಆ್ಯಂಡಿ ಬ್ಯಾಡ್ಲಿ 2012ರ ಒಲಿಂಪಿಕ್ಸಿನಲ್ಲಿ 1500 ಮೀಟರ್ ಓಡಿದ ಬೆನ್ನಿಗೆ ಇಲ್ಲಿಗೆ ಬಂದು 13 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದ್ದ. ಅವನು ಓಡಿದ ನೆಲದಲ್ಲೇ ಮೊಮ್ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಅಜ್ಜಿಯರೂ ಬರುತ್ತಾರೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಬದಲಾಗದಿರುವಿಕೆ. ಅದೇ ದೂರ, ಅದೇ ಹೊತ್ತು, ಅದೇ ಸಮತಟ್ಟಾದ ನೆಲ. ಗಾಳಿ ಮಳೆ ಬಿಟ್ಟರೆ ಬದಲಾಗುವುದು ನಾನೊಬ್ಬನೇ. ಹಾಗಾಗಿಯೇ ಅಲ್ಲಿ ಸಿಗುವ ಅಂಕಿಯನ್ನು ನಂಬಬಹುದು.

2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಎಲ್ಲವೂ ನಿಂತಿತು. ಇಂಗ್ಲೆಂಡಿನಲ್ಲಿ ಮತ್ತೆ ಶುರುವಾಗಿದ್ದು 2021ರ ಜುಲೈ 24ರಂದು. ಆ ನಡುವೆ ವಯಸ್ಸು ತನ್ನ ಕೆಲಸ ಮಾಡಿತ್ತು. ಮರಳಿ ಬಂದ ಕೆಲವೇ ದಿನಗಳಲ್ಲಿ ಬಲಗಾಲಿನ ಮೀನಖಂಡವೂ ನೋವಿಗೆ ಬಿತ್ತು. ಇಪ್ಪತ್ತೈದು ಹೋಗಿ ಇಪ್ಪತ್ತೊಂಬತ್ತಾಯಿತು. ವಯಸ್ಸಾದಂತೆ ಹೃದಯದ ಗರಿಷ್ಠ ಬಡಿತ ಇಳಿಯುತ್ತದೆ, ಸ್ನಾಯುಗಳಿಗೆ ತಲುಪುವ ಆಮ್ಲಜನಕ ಕಡಿಮೆಯಾಗುತ್ತದೆ. ಇಳಿತವನ್ನು ನಿಲ್ಲಿಸಲಾಗದು, ನಿಧಾನ ಮಾಡಬಹುದು. ಉಳಿದಿರುವ ಶಕ್ತಿಯನ್ನು ಚೊಕ್ಕವಾಗಿ ಬಳಸುವುದನ್ನು ಕಲಿತರೆ ಕಳೆದುಹೋದ ನಿಮಿಷಗಳನ್ನು ಬೇರೆ ದಾರಿಯಿಂದ ಪಡೆಯಬಹುದು.

ಆ ದಾರಿ ನಿಧಾನದ್ದು. ವಾರದ ಬಹುಪಾಲು ಓಟ ಪಕ್ಕದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಬಹುದಾದಷ್ಟು ಹಗುರ. ಕರ್ನಾಟಕ ಸಂಗೀತ ಹೇಳಿಕೊಡುವವರು ಸರಳೆ ವರಸೆಯನ್ನು ಮೊದಲ ಕಾಲದಲ್ಲಿ ಮತ್ತೆ ಮತ್ತೆ ಹಾಡಿಸಿ, ಸ್ವರ ನಿಂತ ಮೇಲಷ್ಟೇ ಮೂರನೆಯ ಕಾಲಕ್ಕೆ ಬಿಡುತ್ತಾರಲ್ಲ, ಓಟದ ಶಿಸ್ತೂ ಹಾಗೆಯೇ. ಹಗುರ ಓಟದ ಮೇಲೆ ಮಂಗಳವಾರದ ಟ್ರ್ಯಾಕು: ಒಂದು ಕಿಲೋಮೀಟರು ಐದು ನಿಮಿಷಕ್ಕಿಂತ ತುಸು ಬೇಗ, ನಡುವೆ ಉಸಿರು ಸುಧಾರಿಸಿಕೊಳ್ಳಲು ಬಿಡುವು, ಮತ್ತೊಂದು ಕಿಲೋಮೀಟರು. ಮೆಟ್ಟಿಲಂಚಿನಲ್ಲಿ ಬೆರಳ ಮೇಲೆ ನಿಂತು ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸುವ ಕಸರತ್ತು ದಿನವೂ. ಕೆಲವು ತಿಂಗಳಿಗೆ ಒಂದು ಬದಲಾವಣೆ ಗೊತ್ತಾಗತೊಡಗಿತು. ಹೆಜ್ಜೆಯ ಸದ್ದು ಕೇಳಿದರೆ ಸಾಕು, ವಾಚು ನೋಡದೆಯೇ ಐದು ನಿಮಿಷದ ವೇಗವೋ ಐದು ಹತ್ತರದೋ ಹೇಳಬಲ್ಲವನಾದೆ. ಓಟದಲ್ಲಿ ಇದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ.

ಐದು ಕಿಲೋಮೀಟರಿನ ಕಸುಬೆಲ್ಲ ಇರುವುದು ಹಂಚುವುದರಲ್ಲಿ. ಮೊದಲ ಕಿಲೋಮೀಟರು ಎಲ್ಲರಿಗೂ ಸುಲಭ. ಸುತ್ತಲಿನ ಗುಂಪೇ ಹೊತ್ತೊಯ್ಯುತ್ತದೆ. ಅಲ್ಲಿ ಉಳಿಸಿದ ಹತ್ತು ಸೆಕೆಂಡಿಗೆ ನಾಲ್ಕನೆಯದರಲ್ಲಿ ಇಪ್ಪತ್ತು ತೆರಬೇಕಾಗಬಹುದು. ಎರಡನೆಯದರಲ್ಲಿ ಉಸಿರು ಲಯಕ್ಕೆ ಬರುತ್ತದೆ. ಮೂರನೆಯದರಲ್ಲಿ ದೇಹ ಇನ್ನೂ ದೂರು ಹೇಳಿರುವುದಿಲ್ಲ, ಮನಸ್ಸು ಅತ್ತಿತ್ತ ಅಲೆಯುತ್ತದೆ, ಗೊತ್ತಿಲ್ಲದೆ ವೇಗ ಇಳಿಯುತ್ತದೆ. ನಾಲ್ಕನೆಯದು ನಿಜವಾದ ಪರೀಕ್ಷೆ. ಕೊನೆಯದಕ್ಕೆ ಗುರಿ ಕಾಣುವುದರಿಂದ ಅದು ತಾನಾಗಿಯೇ ಸಾಗುತ್ತದೆ.

ಗಡಿ ಮತ್ತೆ ದಕ್ಕಿದ ಆ ವಸಂತದ ಶನಿವಾರ, ಪಾರ್ಕಿನ ಚೆಸ್ಟ್‌ನಟ್ ಅವೆನ್ಯೂವಿನ ಮರಗಳ ತುಂಬ ಬಿಳಿ ಹೂಗೊಂಚಲು, ಮೇಯುವ ಜಿಂಕೆಗಳು, ಗಾಳಿಯಿಲ್ಲದ ಹವೆ. ಪಕ್ಕದಲ್ಲಿ ಓಟದ ಗೆಳೆಯ, ದಾವಣಗೆರೆಯ ಹುಡುಗನೊಬ್ಬ. ಅವನ ಸ್ವಂತ ಓಟ ನನಗಿಂತ ಎಷ್ಟೋ ಬೇಗದ್ದು; ಅವತ್ತು ನನಗಾಗಿ ನಿಧಾನಿಸಿದ್ದ. ಮೊದಲ ತಿರುವಿನಲ್ಲಿ ಜನ ನುಗ್ಗಿದಾಗ, “ಅವ್ರು ಹೋಗ್ಲಿ ಬಿಡಿ ಸಾರ್, ನಾವು ನಮ್ಮ ಐದರಲ್ಲೇ ಇರೋಣ,” ಅಂದ. ನಾಲ್ಕನೆಯದರ ನಡುವೆ ನನ್ನ ಉಸಿರಿನ ಸದ್ದು ಬದಲಾದದ್ದನ್ನು ಕೇಳಿ ಅರ್ಧ ಹೆಜ್ಜೆ ಮುಂದೆ ಹೋದ. ನಾನು ಅವನ ಭುಜವನ್ನಷ್ಟೇ ನೋಡುತ್ತ ಓಡಿದೆ. 1954ರಲ್ಲಿ ರಾಜರ್ ಬ್ಯಾನಿಸ್ಟರ್ ನಾಲ್ಕು ನಿಮಿಷದೊಳಗೆ ಮೈಲಿ ಓಡಿದಾಗಲೂ ಮುಂದೆ ಮೊದಲು ಕ್ರಿಸ್ ಬ್ರೇಶರ್, ಆಮೇಲೆ ಕ್ರಿಸ್ ಚ್ಯಾಟವೇ ಇದ್ದರು. ಗಡಿ ದಾಟುವವನ ಮುಂದೆ ಯಾರಾದರೂ ಒಬ್ಬರು ಗಾಳಿಗೆ ಎದೆಯೊಡ್ಡಿರುತ್ತಾರೆ. “ಇನ್ನು ನಿಮ್ಮದು, ಹೊಡೀರಿ ಸಾರ್,” ಎಂದು ಅವನು ಪಕ್ಕಕ್ಕೆ ಸರಿದಾಗ ಕಾಲಲ್ಲಿ ಇನ್ನೂ ಶಕ್ತಿಯಿತ್ತು.

ಅವತ್ತೇ ಬಂದ ಫಲಿತಾಂಶ: 24 ನಿಮಿಷ 51 ಸೆಕೆಂಡ್. ನಲವತ್ತರಲ್ಲಿ ನಾನು ಇದಕ್ಕಿಂತ ತುಸು ಬೇಗ ಓಡಿದ್ದೆ. ಆದರೂ ಪಕ್ಕದಲ್ಲಿದ್ದ ವಯಸ್ಸಿನ ಲೆಕ್ಕದ ಶೇಕಡಾ, ಅಂದರೆ ಅದೇ ವಯಸ್ಸಿನವರ ಜಾಗತಿಕ ಮಟ್ಟಕ್ಕೆ ಹೋಲಿಸಿದ ಪ್ರಮಾಣ, ಹಿಂದೆಂದಿಗಿಂತ ಹೆಚ್ಚಾಗಿತ್ತು. ಮೊದಲ ಸಲದ ಇಪ್ಪತ್ತೈದು ನನಗೆ ಹರೆಯ ಕೊಟ್ಟದ್ದು. ಈ ಸಲದ್ದು ತಾಳ್ಮೆ, ಕಿವಿ, ಗೆಳೆಯನ ಭುಜ ಸೇರಿ ಕೊಟ್ಟದ್ದು. ಇದನ್ನು ಹೇಗೆ ಪಡೆದೆ ಎಂಬುದು ನನಗೆ ಹೆಜ್ಜೆ ಹೆಜ್ಜೆಯಾಗಿ ಗೊತ್ತು. ಗೊತ್ತಿರುವುದನ್ನು ಇನ್ನೊಬ್ಬರಿಗೆ ಕೊಡಬಹುದು.

ಹಾಗಾಗಿ ಮುಂದಿನ ಶನಿವಾರಕ್ಕೆ ಪೇಸರ್ ಆಗಿ ಹೆಸರು ಕೊಟ್ಟಿದ್ದೇನೆ. ಬೆನ್ನ ಮೇಲೆ ‘30’ ಎಂದು ಬರೆದ ಅಂಗಿ, ಕಿಲೋಮೀಟರಿಗೆ ಆರು ನಿಮಿಷ, ಮೊದಲಿಂದ ಕೊನೆಯವರೆಗೆ ಒಂದೇ ಸಮ. ಮೂವತ್ತರ ಒಳಗೆ ಬರಬೇಕೆನ್ನುವವರು ಯಾರೇ ಇರಲಿ, ನನ್ನ ಹಿಂದೆ ಬರಲಿ.